ಸಿಕ್ ಲೀವ್ ಹಾಕದವನ ಹಮ್ಮು

2011ರಲ್ಲಿ ಬಿಇ ಮುಗಿಸಿ ಕೋಟೇಶ್ವರದಿಂದ ಬೆಂಗಳೂರಿಗೆ ಬಸ್ ಹತ್ತಿದವನು ನಾನು. ಅಲ್ಲಿಂದ 2022ರ ತನಕ, ಹನ್ನೊಂದು ವರ್ಷ, ಒಂದೇ ಒಂದು ಸಿಕ್ ಲೀವ್ ಹಾಕಿರಲಿಲ್ಲ. ಜ್ವರ ಬಂದರೆ ಮಾತ್ರೆ ನುಂಗಿ ಲಾಗಿನ್ ಆಗುತ್ತಿದ್ದೆ. ಕೋವಿಡ್ ಬಂದಾಗಲೂ ಎರಡು ದಿನ ಮೈಕೈ ನೋವು, ಮೂರನೇ ದಿನ ಸ್ಟ್ಯಾಂಡಪ್ ಕಾಲ್‌ನಲ್ಲಿ ಹಾಜರ್. ಇದನ್ನು ನಾನು ಯಾರಿಗೂ ಹೇಳಿಕೊಂಡು ತಿರುಗಿದವನಲ್ಲ. ಆದರೆ ಒಳಗೊಳಗೇ ಒಂದು ಹಮ್ಮಿತ್ತು. ಗದ್ದೆಯಲ್ಲಿ ಬೆಳೆದ ಮೈ, ಬೆಳಗ್ಗೆ ಗಂಜಿ ಉಂಡ ಮೈ, ಕೆರೆಯಲ್ಲಿ ಈಜಿದ ಮೈ. ಪೇಟೆ ಹುಡುಗರ ಹಾಗಲ್ಲ ಅಂತ.

ಆ ಹಮ್ಮು ನನ್ನೊಳಗೇ ಇದ್ದಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ 2022ರ ಅಪ್ರೈಸಲ್ ಹೊತ್ತಿಗೆ ನನ್ನ ಕೈಕೆಳಗೆ ಆರು ಜನ ಇದ್ದರು. ಅದರಲ್ಲೊಬ್ಬ ಹುಡುಗ ಆ ವರ್ಷ ಹದಿನಾಲ್ಕು ದಿನ ಸಿಕ್ ಲೀವ್ ಹಾಕಿದ್ದ. ಕೆಮ್ಮು, ಜ್ವರ, ಮತ್ತೆ ಕೆಮ್ಮು. ಬಂದ ದಿನಗಳಲ್ಲಿ ಅವನು ಬರೆದ ಕೋಡ್ ಚೆನ್ನಾಗಿಯೇ ಇತ್ತು. ಆದರೂ ಫಾರ್ಮಿನಲ್ಲಿ ನಾನು ಬರೆದದ್ದು ‘ಹದಿನಾಲ್ಕು ದಿನ ಬರಲಿಲ್ಲ’ ಅಂತಲ್ಲ. ‘ಕಮಿಟ್‌ಮೆಂಟ್ ಕಡಿಮೆ, ರೆಸಿಲಿಯೆನ್ಸ್ ಬೆಳೆಸಿಕೊಳ್ಳಬೇಕು’ ಅಂತ. ಬರೆಯುವಾಗ ಕೈ ನಡುಗಲಿಲ್ಲ. ನನಗೆ ಆಗುತ್ತದೆ, ಅವನಿಗೆ ಯಾಕೆ ಆಗುವುದಿಲ್ಲ? ಇಷ್ಟೇ ನನ್ನ ತರ್ಕ. ಅವನ ರೇಟಿಂಗ್ ಇಳಿಯಿತು. ಮೂರು ತಿಂಗಳಲ್ಲಿ ಅವನು ಕೆಲಸ ಬಿಟ್ಟ.

ಅದೇ ವರ್ಷದ ಕೊನೆಗೆ ಕೊಡಿ ಹಬ್ಬಕ್ಕೆ ಊರಿಗೆ ಹೋದೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಕೋಟಿಲಿಂಗೇಶ್ವರನ ತೇರಿನ ಜಾತ್ರೆಗೆ ನಮ್ಮ ಕಡೆ ಕೊಡಿ ಹಬ್ಬ ಅನ್ನುತ್ತಾರೆ. ಹೊಸದಾಗಿ ಮದುವೆಯಾದವರು ಕಬ್ಬಿನ ಕೊಡಿ ತಗೊಂಡು ಹೋಗುವ ಹಬ್ಬ. ಆದರೆ ಆ ಸಲ ಮನೆಯಲ್ಲಿ ಹಬ್ಬದ ಕಳೆ ಇರಲಿಲ್ಲ. ಹಟ್ಟಿಯಲ್ಲಿ ಚರ್ಮಗಂಟು ರೋಗ ಹೊಕ್ಕಿತ್ತು.

ಕುಂದಾಪ್ರ ಕನ್ನಡದಲ್ಲಿ ದನಕರುಗಳಿಗೆ ಗಂಟಿ ಅನ್ನುತ್ತೇವೆ. ಆ ವರ್ಷ ಕರ್ನಾಟಕದ ಉದ್ದಗಲಕ್ಕೂ ಗಂಟಿಗಳ ಮೈಮೇಲೆ ಗಂಟು ಎದ್ದಿತ್ತು. ಇದು ಸಿಡುಬಿನ ದೊಡ್ಡ ಕುಟುಂಬಕ್ಕೇ ಸೇರಿದ ವೈರಸ್, ಕುರಿ ಸಿಡುಬು ಆಡು ಸಿಡುಬುಗಳ ಹತ್ತಿರದ ನೆಂಟ. ಮನುಷ್ಯರಿಗೆ ಬರುವುದಿಲ್ಲ. ಸೊಳ್ಳೆ, ನೊಣ, ಉಣ್ಣೆ ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತವೆ. ಭಾರತಕ್ಕೆ ಕಾಲಿಟ್ಟಿದ್ದು 2019ರಲ್ಲಿ. ನೆಂಟಸ್ತನ ಇರುವ ಕಾರಣಕ್ಕೇ ಆಡಿನ ಸಿಡುಬಿನ ಲಸಿಕೆಯನ್ನು ದನಗಳಿಗೆ ಹಾಕುತ್ತಿದ್ದರು. ನಮ್ಮ ಹಟ್ಟಿಗೆ ಲಸಿಕೆಗಿಂತ ಮೊದಲು ರೋಗ ಬಂತು.

ನಮ್ಮಲ್ಲಿದ್ದದ್ದು ಎರಡೇ ದನ. ಒಂದು ಎಚ್‌ಎಫ್ ಕ್ರಾಸ್, ಸಾಲ ಮಾಡಿ ತಂದದ್ದು, ದಿನಕ್ಕೆ ಹತ್ತು ಲೀಟರ್ ಮೇಲೆ ಹಾಲು. ಇನ್ನೊಂದು ಊರ ದನ, ಮಲೆನಾಡು ಗಿಡ್ಡ, ಎರಡು ಲೀಟರ್ ಕೊಟ್ಟರೆ ದೊಡ್ಡದು. ಒಂದೇ ಹಟ್ಟಿ, ಒಂದೇ ಬಾಣಿ, ಅವೇ ಸೊಳ್ಳೆ. ಎಚ್‌ಎಫ್‌ಗೆ ಮೈತುಂಬಾ ಗಂಟು, ಕಾಲು ಬಾತು, ಮೇವು ಬಿಟ್ಟು, ದನದ ಡಾಕ್ಟ್ರು ಎರಡು ಸಲ ಬಂದು ಇಂಜೆಕ್ಷನ್ ಕೊಟ್ಟು, ಕಹಿಬೇವು ಅರಿಶಿನ ಅರೆದು ಹಚ್ಚಿ, ಏನು ಮಾಡಿದರೂ ಹತ್ತನೇ ದಿನ ಸತ್ತುಹೋಯಿತು. ಗಿಡ್ಡಕ್ಕೆ ಕುತ್ತಿಗೆ ಹತ್ತಿರ ಏಳೆಂಟು ಗಂಟು ಎದ್ದು, ಒಡೆದು, ಒಣಗಿ ಹೋದವು. ಎರಡು ದನ ನೋಡಿ ಒಂದು ತಳಿಯ ಬಗ್ಗೆ ತೀರ್ಪು ಕೊಡುವುದು ತಪ್ಪು, ನನಗೂ ಗೊತ್ತು. ಆದರೆ ಕಣ್ಣೆದುರಿಗೆ ಕಂಡದ್ದು ಇಷ್ಟು.

ಅಪ್ಪಯ್ಯ ಹೇಳಿದರು, “ಊರ್ ದನ ಗಟ್ಟಿ ಮಾರಾಯ. ಈ ಪ್ಯಾಟಿ ಜಾತಿ ಎಲ್ಲ ಬರೀ ಚಂದಕ್ಕೆ.” ನಾನೂ ಹೂಂ ಅಂದೆ. ಅಬ್ಬಿ, ಅಂದರೆ ನನ್ನ ಅಮ್ಮ, ಖಾಲಿ ಹಗ್ಗ ಸುತ್ತಿಡುತ್ತಾ ಇದ್ದವಳು ತಿರುಗಿ ನೋಡದೆಯೇ ಹೇಳಿದಳು: “ಅದ್ಕೂ ಬದ್ಕುವ ಆಸಿ ಇದ್ದಿತ್ ಮಗಾ. ಮೈ ಕೇಳ್ಲಿಲ್ಲ, ಅಷ್ಟೇ.”

ಬೆಂಗಳೂರಿಗೆ ವಾಪಸ್ ಬರುವ ರಾತ್ರಿ ಬಸ್ಸಿನಲ್ಲಿ ಆ ಮಾತು ಬಿಡಲಿಲ್ಲ. ಒಂದೇ ರೋಗ ಒಂದಕ್ಕೆ ಹಾಗೆ, ಇನ್ನೊಂದಕ್ಕೆ ಹೀಗೆ ಯಾಕೆ? ಮೊಬೈಲಿನಲ್ಲಿ ಹುಡುಕುತ್ತಾ ಹೋದವನು ದನ ಬಿಟ್ಟು ಇಲಿಗೆ ಬಂದು ಮುಟ್ಟಿದೆ. ಈ ಪ್ರಶ್ನೆಗೆ ವಿಜ್ಞಾನಿಗಳು ಬಹಳ ಕಾಲ ಉತ್ತರ ಹುಡುಕಿದ್ದು ಇಲಿಗಳಲ್ಲಿ.

ಇಲಿಗಳಿಗೂ ಒಂದು ಸಿಡುಬಿದೆ. 1930ರಲ್ಲಿ ಲಂಡನ್ನಿನ ಒಂದು ಪ್ರಯೋಗಾಲಯದಲ್ಲಿ ಮಾರ್ಷಲ್ ಎಂಬವರು ಮೊದಲು ಗುರುತಿಸಿದರು. ರೋಗ ಬಂದು ಬದುಕಿದ ಇಲಿಗಳ ಪಾದ ಕೊಳೆತು ಉದುರುತ್ತಿದ್ದುದರಿಂದ ವೈರಸ್ಸಿಗೆ ಎಕ್ಟ್ರೊಮೀಲಿಯಾ ಅಂತ ಹೆಸರಿಟ್ಟರು. ಮುಂದೆ ಮೆಲ್ಬರ್ನ್‌ನಲ್ಲಿ ಫ್ರಾಂಕ್ ಫೆನ್ನರ್ ಎಂಬ ವಿಜ್ಞಾನಿ ಇದೇ ರೋಗವನ್ನು ಹಿಡಿದು ಕೂತರು. ವೈರಸ್ ಚರ್ಮದಿಂದ ಒಳಗೆ ಹೋಗಿ, ಹತ್ತಿರದ ಹಾಲ್ರಸ ಗ್ರಂಥಿ ಸೇರಿ, ಅಲ್ಲಿಂದ ಯಕೃತ್ತು, ಗುಲ್ಮಕ್ಕೆ ದಾಟಿ, ಆಮೇಲೆ ಮೈಮೇಲೆ ಬೊಕ್ಕೆಯಾಗಿ ಏಳುವ ದಾರಿಯನ್ನು 1948ರಲ್ಲಿ ದಿನ ದಿನದ ಲೆಕ್ಕದಲ್ಲಿ ಬರೆದರು. ಇದೇ ಫೆನ್ನರ್ ಮುಂದೆ ಸಿಡುಬು ನಿರ್ಮೂಲನೆಯನ್ನು ಖಚಿತಪಡಿಸುವ ಜಾಗತಿಕ ಸಮಿತಿಯ ಅಧ್ಯಕ್ಷರಾದರು. 1980ರ ಮೇ 8ರಂದು ಭೂಮಿಯ ಮೇಲೆ ಸಿಡುಬು ಇಲ್ಲ ಅಂತ ಜಗತ್ತು ಕೇಳಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಎರಡು ತಳಿಗಳ ಕಥೆ. ಪ್ರಯೋಗಾಲಯಗಳಲ್ಲಿ ಬ್ಲ್ಯಾಕ್-6 ಅಂತ ಒಂದು ಕಪ್ಪು ಇಲಿ ಇದೆ, ಬಾಲ್ಬ್-ಸಿ ಅಂತ ಒಂದು ಬಿಳಿ ಇಲಿ. ಎರಡರ ಪಾದಕ್ಕೂ ಅದೇ ವೈರಸ್ಸನ್ನು ಅದೇ ಪ್ರಮಾಣದಲ್ಲಿ ಚುಚ್ಚಿದರೆ ಕಪ್ಪು ಇಲಿ ಹೆಚ್ಚುಕಮ್ಮಿ ಏನೂ ಆಗದ ಹಾಗೆ ಓಡಾಡಿಕೊಂಡಿರುತ್ತದೆ. ಬಿಳಿ ಇಲಿ ಒಂದೆರಡು ವಾರದೊಳಗೆ ಯಕೃತ್ತು ಕೊಳೆತು ಸಾಯುತ್ತದೆ. ಬಣ್ಣಕ್ಕೂ ಇದಕ್ಕೂ ಸಂಬಂಧವಿಲ್ಲ. ಒಂದೇ ಆಹಾರ, ಒಂದೇ ಬಗೆಯ ಪಂಜರ, ಒಂದೇ ವಯಸ್ಸು.

ವ್ಯತ್ಯಾಸದ ಒಂದು ದೊಡ್ಡ ಪಾಲು ಇರುವುದು ಮೊದಲ ಎರಡು ಮೂರು ದಿನಗಳಲ್ಲಿ. ನಮ್ಮ ದೇಹದ ರಕ್ಷಣೆಯಲ್ಲಿ ಎರಡು ಪಾಳಿ ಇದೆ. ಒಂದು ಕಲಿತು ಬರುವ ಪಾಳಿ: ಈ ವೈರಸ್ಸೇ ಅಂತ ಗುರುತಿಸಿ, ಅದಕ್ಕೆ ತಕ್ಕ ಟಿ ಕೋಶ, ಪ್ರತಿಕಾಯ ತಯಾರಿಸಲು ಅದಕ್ಕೆ ವಾರದ ಆಸುಪಾಸು ಬೇಕು. ಇನ್ನೊಂದು ಹುಟ್ಟಿನಿಂದ ಇರುವ ಪಾಳಿ. ಅದಕ್ಕೆ ತರಬೇತಿ ಬೇಡ, ಕೂಡಲೇ ಹೊರಡುತ್ತದೆ. ಆ ಪಾಳಿಯಲ್ಲಿ ಎನ್‌ಕೆ ಕೋಶಗಳು ಅಂತ ಇವೆ, ನ್ಯಾಚುರಲ್ ಕಿಲ್ಲರ್. ವೈರಸ್ ಹೊಕ್ಕ ನಮ್ಮದೇ ಜೀವಕೋಶಗಳನ್ನು ಇವು ಕೊಂದು ಹಾಕುತ್ತವೆ. ಕಪ್ಪು ಇಲಿಯಲ್ಲಿ ಈ ಕೋಶಗಳು ಸರಿಯಾದ ಹೊತ್ತಿಗೆ ಹಾಲ್ರಸ ಗ್ರಂಥಿಗೆ ಬಂದು ಸೇರಿ, ವೈರಸ್ ಯಕೃತ್ತಿಗೆ ಹರಡದ ಹಾಗೆ ತಡೆದು ಹಿಡಿಯುತ್ತವೆ, ಎರಡನೇ ಪಾಳಿಯವರು ಬರುವ ತನಕ. ಈ ಕೋಶಗಳನ್ನು ತೆಗೆದುಹಾಕಿದರೆ ಕಪ್ಪು ಇಲಿಯೂ ಸಾಯುತ್ತದೆ. ಅಷ್ಟೇ ಅಲ್ಲ. ಎನ್‌ಕೆ ಕೋಶದ ಮೈಮೇಲೆ ಸಿಡಿ94 ಅಂತ ಒಂದು ಪ್ರೋಟೀನ್ ಇದೆ. 2011ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಆ ಒಂದು ಪ್ರೋಟೀನ್ ಇಲ್ಲದ ಕಪ್ಪು ಇಲಿಗಳನ್ನು ಪರೀಕ್ಷಿಸಿದರು. ಅವುಗಳಿಗೆ ಈ ಸಿಡುಬನ್ನು ತಡೆದುಕೊಳ್ಳಲು ಆಗಲಿಲ್ಲ.

ಒಂದು ಪ್ರೋಟೀನ್! ಸಾವಿರಾರು ಸಾಲಿನ ಕೋಡಿನಲ್ಲಿ ಒಂದು ಫಂಕ್ಷನ್ ಡಿಲೀಟ್ ಮಾಡಿದ ಹಾಗೆ. ಆ ಇಲಿ ಆಮೇಲೆ ಸೋಮಾರಿಯಾಗಲಿಲ್ಲ. ಅದರ ಕಮಿಟ್‌ಮೆಂಟ್ ಕಡಿಮೆಯಾಗಲಿಲ್ಲ.

ಇನ್ನೂ ಒಂದು ವಿಷಯ. ಅದೇ ಬಲಿಷ್ಠ ಕಪ್ಪು ಇಲಿಗೆ, ಅದೇ ವೈರಸ್ಸನ್ನು ಪಾದದ ಬದಲು ಮೂಗಿನ ಮೂಲಕ ಕೊಟ್ಟರೆ, ಸಣ್ಣ ಪ್ರಮಾಣಕ್ಕೂ ಸಾಯಬಹುದು. ಅಂದರೆ ಗಟ್ಟಿ ಅನ್ನುವುದೂ ಪೂರ್ತಿ ನಿಜವಲ್ಲ. ಒಂದು ಬಾಗಿಲಿಗೆ ಗಟ್ಟಿ, ಇನ್ನೊಂದು ಬಾಗಿಲಿಗೆ ಅಲ್ಲ. ನನ್ನ ಹನ್ನೊಂದು ವರ್ಷದ ಲೆಕ್ಕ ಹೇಳುವುದು ಅಷ್ಟನ್ನೇ: ನನಗೆ ಹೊಂದುವ ಬಾಗಿಲಿನಿಂದಲೇ ರೋಗಗಳು ಬಂದಿದ್ದವು.

ಇಲಿಯಿಂದ ಮನುಷ್ಯರಿಗೆ ನೇರ ಗೆರೆ ಎಳೆಯುವುದು ಸರಿಯಲ್ಲ ಅಂತ ನೀವು ಹೇಳಬಹುದು. ಸರಿ. ಇಲಿಯ ಎನ್‌ಕೆ ಕೋಶದಿಂದ ನಮ್ಮ ಹಟ್ಟಿಯ ಗಿಡ್ಡ ಯಾಕೆ ಬದುಕಿತು ಅಂತಲೂ ಹೇಳಲಾಗದು, ಆ ಹುಡುಗ ಯಾಕೆ ಕೆಮ್ಮುತ್ತಿದ್ದ ಅಂತಲೂ ಹೇಳಲಾಗದು. ನನಗೆ ಇಲಿ ಕಲಿಸಿದ್ದು ವೈದ್ಯಕೀಯವನ್ನಲ್ಲ. ‘ತಡೆದುಕೊಳ್ಳುವ ಶಕ್ತಿ’ ಎಂಬ ಪದವನ್ನು ನಾವು ಎಷ್ಟು ಬೇಗ ಗುಣವಾಚಕದಿಂದ ಗುಣಕ್ಕೆ ದಾಟಿಸಿಬಿಡುತ್ತೇವೆ ಅನ್ನುವುದನ್ನು. ಇದನ್ನು ತಿಳಿಯಲಿಕ್ಕೆ ಎಷ್ಟೋ ಇಲಿಗಳು ಸತ್ತಿವೆ. ಅವುಗಳನ್ನು ಯಾರೂ ಕೇಳಲಿಲ್ಲ. ಕನಿಷ್ಠ, ಅವು ತೋರಿಸಿದ್ದನ್ನು ತಿರುಚದೆ ಓದುವ ಋಣ ನಮ್ಮ ಮೇಲಿದೆ.

ನಮ್ಮ ಮನೆಯಲ್ಲೇ ಇದಕ್ಕೆ ಹಳೆಯ ಉದಾಹರಣೆ ಇತ್ತು, ನಾನು ಗಮನಿಸಿರಲಿಲ್ಲ. ಅಜ್ಜಿಯ ಮುಖದ ತುಂಬಾ ಸಿಡುಬಿನ ಕಲೆ. ಅವಳಿಗೆ ಎಂಟೋ ಒಂಬತ್ತೋ ವರ್ಷವಿದ್ದಾಗ ಅವಳಿಗೂ ಅವಳ ತಂಗಿಗೂ ಒಟ್ಟಿಗೇ ಬಂತು. ಒಂದೇ ಚಾಪೆ, ಬೇವಿನ ಸೊಪ್ಪಿನ ಅದೇ ಹಾಸು. ತಂಗಿ ಉಳಿಯಲಿಲ್ಲ. ಊರವರು ಅಜ್ಜಿಗೆ ‘ಪುಣ್ಯ ಮಾಡಿದ್ದೆ, ಉಳ್ಕಂಡೆ’ ಅನ್ನುತ್ತಿದ್ದರಂತೆ. ಅದನ್ನು ಕೇಳಿದಾಗಲೆಲ್ಲ ಅಜ್ಜಿ ಎದ್ದು ಒಳಗೆ ಹೋಗುತ್ತಿದ್ದಳು. ಚಿಕ್ಕಂದಿನಲ್ಲಿ ನನಗೆ ಅರ್ಥವಾಗಿರಲಿಲ್ಲ. ಈಗ ಆಗುತ್ತದೆ. ಉಳಿದವಳದ್ದು ಪುಣ್ಯ ಅಂದರೆ ಹೋದವಳದ್ದು ಏನು? ಐದು ವರ್ಷದ ಮಗು ಯಾವ ಪಾಪ ಮಾಡಿರುತ್ತದೆ?

ಅಮೆರಿಕದ ತತ್ವಜ್ಞಾನಿ ಜಾನ್ ರಾಲ್ಸ್ ಬದುಕಿನಲ್ಲೂ ಇಂಥದ್ದೇ ಒಂದು ಘಟನೆ ಇದೆ. 1928ರಲ್ಲಿ ಏಳು ವರ್ಷದ ರಾಲ್ಸ್‌ಗೆ ಡಿಫ್ತೀರಿಯಾ ಬಂತು, ತಮ್ಮನಿಗೆ ಅವನಿಂದ ತಗುಲಿತು. ರಾಲ್ಸ್ ಬದುಕಿದ, ತಮ್ಮ ಸತ್ತ. ಮರುವರ್ಷದ ಚಳಿಗಾಲ ರಾಲ್ಸ್‌ಗೆ ನ್ಯುಮೋನಿಯಾ. ಇನ್ನೊಬ್ಬ ತಮ್ಮನಿಗೆ ತಗುಲಿತು, ಅವನೂ ಸತ್ತ. ಎರಡು ಸಲವೂ ಅಣ್ಣ ಉಳಿದ. ಈ ಹುಡುಗ ದೊಡ್ಡವನಾಗಿ 1971ರಲ್ಲಿ ನ್ಯಾಯದ ಕುರಿತು ಒಂದು ದೊಡ್ಡ ಪುಸ್ತಕ ಬರೆದರು. ಹುಟ್ಟಿನಿಂದ ಬಂದ ಸಾಮರ್ಥ್ಯವನ್ನು ಯಾರೂ ದುಡಿದು ಪಡೆದದ್ದಲ್ಲ, ಹಾಗಾಗಿ ಅದರ ಮೇಲೆ ಮಾತ್ರ ನ್ಯಾಯವನ್ನು ಕಟ್ಟಲಾಗದು ಅನ್ನುವುದು ಅವರ ವಾದದ ಒಂದು ಮುಖ್ಯ ಎಳೆ. ತಮ್ಮಂದಿರ ಸಾವಿನಿಂದಲೇ ಈ ವಿಚಾರ ಹುಟ್ಟಿತು ಅಂತ ನಾನು ಹೇಳಲಾರೆ. ಆದರೆ ಓದುವಾಗ ಅಜ್ಜಿ ಎದ್ದು ಒಳಗೆ ಹೋದದ್ದು ನೆನಪಾಯಿತು.

ರಾಲ್ಸ್ ಹೇಳುವ ಪರೀಕ್ಷೆಯನ್ನು ನಮ್ಮ ಭಾಷೆಗೆ ತಂದರೆ ಹೀಗೆ: ನೀನು ಕಪ್ಪು ಇಲಿಯಾಗಿ ಹುಟ್ಟುತ್ತೀಯೋ ಬಿಳಿ ಇಲಿಯಾಗಿಯೋ ಗೊತ್ತಿಲ್ಲ. ಈಗ ಕೂತು ಆಫೀಸಿನ ಲೀವ್ ಪಾಲಿಸಿ ಬರೆ. ಅಪ್ರೈಸಲ್ ಫಾರ್ಮ್ ಬರೆ. ನೋಡೋಣ.

ಇದನ್ನೆಲ್ಲ ಒಬ್ಬ ಗೆಳೆಯನ ಹತ್ತಿರ ಹೇಳಿದಾಗ ಅವನು ಟೀ ಕಪ್ ಇಟ್ಟು ನೇರ ಕೇಳಿದ: “ಹಾಗಾದ್ರೆ ಎಲ್ಲಾ ಲಕ್ಕೇನಾ ಗುರು? ಹದಿನಾಲ್ಕು ದಿನ ಅವನ ಕೆಲಸ ಇನ್ಯಾರೋ ಮಾಡಿದ್ರಲ್ಲ, ಅವರಿಗೇನು? ಮತ್ತೆ, ವಾಕಿಂಗು ನಿದ್ದೆ ಊಟ ಅಂತ ಮೈ ನೋಡ್ಕೊಳ್ಳೋನಿಗೆ ಏನೂ ಕ್ರೆಡಿಟ್ ಇಲ್ವಾ?”

ಒಳ್ಳೆ ಪ್ರಶ್ನೆ. ನನಗೆ ಸಿಕ್ಕ ಉತ್ತರ ಇಷ್ಟು. ಮೈ ನೋಡಿಕೊಳ್ಳುವುದು ನಮ್ಮ ಕೈಲಿದೆ, ಅದಕ್ಕೆ ಶಭಾಷ್ ಅನ್ನಬಹುದು. ಆದರೆ ನಾನು ವಾಕಿಂಗ್ ಮಾಡಿದವನಲ್ಲ, ರಾತ್ರಿ ಎರಡರ ತನಕ ಎದ್ದಿದ್ದು ಸಿಕ್ಕಿದ್ದು ತಿಂದವನು. ಅವನು ನನಗಿಂತ ಶಿಸ್ತಿನವನು. ಇನ್ನು ಬೇರೆಯವರು ಮಾಡಿದ ಕೆಲಸ: ಅದು ನಿಜ, ಅದಕ್ಕೆ ಅವರಿಗೆ ಸಿಗಬೇಕಾದ್ದು ಸಿಗಲಿ. ಹದಿನಾಲ್ಕು ದಿನ ಅನ್ನುವುದು ಲೆಕ್ಕ. ಲೆಕ್ಕವನ್ನು ಬರೆಯಬಹುದು, ಅದರ ಮೇಲೆ ಕೆಲಸ ಹಂಚಬಹುದು, ಇನ್ನೊಬ್ಬರನ್ನು ತಗೊಳ್ಳಬೇಕು ಅಂತ ಕೇಳಬಹುದು. ನಾನು ಮಾಡಿದ್ದು ಬೇರೆ. ಲೆಕ್ಕವನ್ನು ಚಾರಿತ್ರ್ಯ ಮಾಡಿದೆ. ಬಿಳಿ ಇಲಿ ಸತ್ತಿತು ಅನ್ನುವುದು ಸತ್ಯ. ಅದು ಹೋರಾಡಲಿಲ್ಲ ಅನ್ನುವುದು ಸುಳ್ಳು. ಅದರೊಳಗೂ ಎನ್‌ಕೆ ಕೋಶಗಳಿದ್ದವು, ಅವೂ ಹೊರಟಿದ್ದವು.

ಲಸಿಕೆ ನನಗೆ ಈಗ ಬರೀ ಔಷಧಿಯಾಗಿ ಕಾಣದೆ ಒಂದು ನ್ಯಾಯದ ಏರ್ಪಾಡಾಗಿ ಕಾಣುವುದು ಇದಕ್ಕೇ. ಮೊದಲೇ ಲಸಿಕೆ ಕೊಟ್ಟಿದ್ದರೆ ಬಿಳಿ ಇಲಿಯೂ ಆ ಸಿಡುಬನ್ನು ಗೆದ್ದು ಉಳಿಯುತ್ತದೆ. ಎರಡನೇ ಪಾಳಿಗೆ ಮುಂಚಿತವಾಗಿ ತರಬೇತಿಯಾಗಿರುತ್ತದೆ, ಮೊದಲ ಪಾಳಿ ತಡವಾದರೂ ನಡೆಯುತ್ತದೆ. ಅಪ್ಪಯ್ಯನ ತೋಳಿನ ಮೇಲೆ ದಾಕು ಹಾಕಿದ ಎರಡು ದುಂಡು ಗುರುತಿದೆ. ಮನೆ ಮನೆಗೆ ಬಂದು ದಾಕು ಹಾಕಿದವರು ನಿನ್ನದು ಗಟ್ಟಿ ಮೈಯೋ ಮೆತ್ತನೆ ಮೈಯೋ, ಪುಣ್ಯ ಎಷ್ಟು ಅಂತ ಕೇಳಲಿಲ್ಲ. ತೋಳು ಚಾಚಿದವರಿಗೆಲ್ಲ ಹಾಕಿದರು. ಭಾರತದಲ್ಲಿ ಕೊನೆಯ ಸಿಡುಬು ಪ್ರಕರಣ ಕಂಡದ್ದು 1975ರ ಮೇ ತಿಂಗಳಲ್ಲಿ. ಅಜ್ಜಿಯ ತಂಗಿ ಆ ಕಾಲಕ್ಕೆ ಹುಟ್ಟಿದ್ದರೆ ಅವಳ ಮೈ ಎಂಥದ್ದು ಅನ್ನುವ ಪ್ರಶ್ನೆಯೇ ಬರುತ್ತಿರಲಿಲ್ಲ.

ಅಪ್ಪಯ್ಯನ ಬಗ್ಗೆ ಒಂದು ಮಾತು ಹೇಳಿ ಮುಗಿಸುತ್ತೇನೆ. “ನಮ್ಮ್ ಮನಿಯರಿಗೆ ಅದೆಲ್ಲ ಬತ್ತಿಲ್ಲೆ” ಅನ್ನುವುದು ಅವರ ಖಾಯಂ ಡೈಲಾಗ್. ನನ್ನ ಹಮ್ಮಿನ ಮೂಲವೂ ಅದೇ. 2023ರ ಮಳೆಗಾಲದಲ್ಲಿ ಅವರಿಗೆ ಒಂದು ಸಣ್ಣ ಶೀತ ನ್ಯುಮೋನಿಯಾಕ್ಕೆ ತಿರುಗಿ ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದರು. ಎಪ್ಪತ್ತು ವರ್ಷ ಏನೂ ಆಗದವರಿಗೆ ಹೇಗೆ ಆಯಿತು ಅಂತ ಹಾಸಿಗೆ ಪಕ್ಕ ಕೂತು ಯೋಚಿಸುವಾಗ ಮತ್ತೆ ಇಲಿಯೇ ನೆನಪಾಯಿತು.

ಕಪ್ಪು ಇಲಿ ಮುದಿಯಾದಾಗ ಅದರ ಶಕ್ತಿ ಹೋಗುತ್ತದೆ. ಎಳೆಯದಿದ್ದಾಗ ಲೆಕ್ಕಕ್ಕೇ ಇಲ್ಲದ ಸಿಡುಬು ಮುಪ್ಪಿನಲ್ಲಿ ಕೊಲ್ಲುತ್ತದೆ. ಎನ್‌ಕೆ ಕೋಶಗಳ ಸಂಖ್ಯೆ ಕಡಿಮೆಯಾಗುತ್ತದೆ, ಸರಿಯಾಗಿ ಬಲಿಯುವುದಿಲ್ಲ. 2020ರ ಒಂದು ಅಧ್ಯಯನ ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಹೋಗಿ ನೋಡಿತು. ಚರ್ಮದಲ್ಲಿ ಕೂತು, ವೈರಸ್ ಬಂತು ಅಂತ ಗ್ರಂಥಿಗೆ ಓಡಿ ಸುದ್ದಿ ಮುಟ್ಟಿಸುವ ಡೆಂಡ್ರಿಟಿಕ್ ಕೋಶಗಳಿವೆ. ಮುದಿ ಇಲಿಯಲ್ಲಿ ಗ್ರಂಥಿ ಮುಟ್ಟುವ ಸುದ್ದಿಗಾರರೇ ಕಡಿಮೆ. ಹಾಗಾಗಿ ಮುಂದಿನ ಕರೆಗಳೆಲ್ಲ ಕ್ಷೀಣವಾಗಿ, ಎನ್‌ಕೆ ಕೋಶಗಳು ಸಾಕಷ್ಟು ಬಂದು ಸೇರುವುದಿಲ್ಲ. ಆನ್‌ಕಾಲ್ ಮಾಡಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಸರ್ವರ್ ಬಿದ್ದದ್ದು ಎಂಜಿನಿಯರ್ ಇಲ್ಲದೆ ಅಲ್ಲ, ಅಲರ್ಟ್ ಸರಿಯಾಗಿ ಬಾರದೆ.

ಅಂದರೆ ಕಪ್ಪು ಇಲಿಗಳು ಬೇರೆ, ಬಿಳಿ ಇಲಿಗಳು ಬೇರೆ ಅಂತ ನಾನು ಮಾಡಿಕೊಂಡ ವಿಭಾಗವೂ ತಾತ್ಕಾಲಿಕ. ಸಾಕಷ್ಟು ವರ್ಷ ಬದುಕಿದ ಪ್ರತಿ ಕಪ್ಪು ಇಲಿಯೂ ಒಂದು ದಿನ ಬಿಳಿ ಇಲಿಯ ಸಾಲಿಗೆ ಬಂದು ನಿಲ್ಲುತ್ತದೆ. ರಾಲ್ಸ್‌ನ ಪರೀಕ್ಷೆಗೆ ಕಲ್ಪನೆಯೂ ಬೇಡ, ವಯಸ್ಸಾಗುವ ತನಕ ಕಾದರೆ ಸಾಕು.

ಆಗಲೇ ನಾನು ನನ್ನ ಮೊದಲ ಸಿಕ್ ಲೀವ್ ಹಾಕಿದೆ, ನನ್ನ ಮೈಗಲ್ಲ, ಅಪ್ಪಯ್ಯನಿಗೆ. ನನ್ನ ಮ್ಯಾನೇಜರ್ ಏನೂ ಕೇಳಲಿಲ್ಲ. ‘ಎಷ್ಟು ದಿನ ಬೇಕೋ ತಗೋ’ ಅಂದರು. ಆ ಒಂದು ಸಾಲನ್ನು ನಾನು ಒಂದು ವರ್ಷದ ಹಿಂದೆ ಇನ್ನೊಬ್ಬನಿಗೆ ಹೇಳಬಹುದಿತ್ತು. ಖರ್ಚೇನಿರಲಿಲ್ಲ.

ಅಪ್ಪಯ್ಯ ಹುಷಾರಾಗಿ ಮನೆಗೆ ಬಂದರು. ಈಗ ಹಟ್ಟಿಯಲ್ಲಿ ಗಿಡ್ಡ ಇದೆ, ಮತ್ತೊಂದು ಕ್ರಾಸ್ ಕರುವೂ ಇದೆ. ಲಸಿಕೆ ಹಾಕುವವರು ಬಂದಾಗ ಅಬ್ಬಿ ಎರಡನ್ನೂ ಹಿಡಿದು ತಂದಳಂತೆ. ಊರ ದನಕ್ಕೆ ಯಾಕೆ ಅಂತ ಅಪ್ಪಯ್ಯ ಈ ಸಲ ಕೇಳಲಿಲ್ಲವಂತೆ.

ಆಸ್ಪತ್ರೆಯಿಂದ ಬಂದ ವಾರ ಆ ಹುಡುಗನ ನಂಬರ್ ಹುಡುಕಿ ಮೆಸೇಜ್ ಹಾಕಿದೆ. ಉದ್ದ ಬರೆದು, ಅಳಿಸಿ, ಕೊನೆಗೆ ಎರಡೇ ಸಾಲು ಕಳಿಸಿದೆ: ನಿನ್ನ ಬಗ್ಗೆ ನಾನು ಫಾರ್ಮಿನಲ್ಲಿ ಬರೆದದ್ದು ತಪ್ಪು. ಕ್ಷಮಿಸು. ಎರಡು ದಿನ ನೀಲಿ ಟಿಕ್ ಮಾತ್ರ. ಮೂರನೇ ದಿನ ಉತ್ತರ ಬಂತು.

“ಪರವಾಗಿಲ್ಲ ಸರ್, ಈಗ ಹುಷಾರಾಗಿದ್ದೀನಿ. ಆದ್ರೆ ಒಂದ್ ಮಾತು. ಜ್ವರ ಬಂದ ದಿನಾನೂ ಬೆಳಗ್ಗೆ ಎದ್ದು ರೆಡಿಯಾಗ್ತಿದ್ದೆ ಸರ್. ಬಸ್‌ಸ್ಟಾಪ್ ತನಕ ಬಂದು ವಾಪಸ್ ಹೋಗಿದ್ದೂ ಇದೆ.”

ಇದಕ್ಕೆ ಏನು ಬರೆಯಬೇಕೆಂದು ನನಗೆ ಇವತ್ತಿಗೂ ಹೊಳೆದಿಲ್ಲ.